ಅಂಗೈಯಲ್ಲಿ ಕರಗಿದ ಬೆಲ್ಲ

ಮೊನ್ನೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬ್ಯಾಗಿನೊಳಗೆ ಕನ್ನಡಕ ಹುಡುಕುತ್ತಿದ್ದಾಗ ಬೆರಳಿಗೆ ಏನೋ ಅಂಟಿತು. ತೆಗೆದು ನೋಡಿದರೆ ಕಾಗದದಲ್ಲಿ ಸುತ್ತಿಟ್ಟಿದ್ದ ಬೆಲ್ಲದ ಚೂರು. ಬಿಸಿಲಿಗೆ ಬೆವೆತು, ಕಾಗದವನ್ನು ನೆನೆಸಿ, ಮನೆಯ ಬೀಗದ ಕೈಗೂ ಮೆತ್ತಿಕೊಂಡಿತ್ತು. ನನಗೆ ಈಗ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿ ಮಾಡಿಕೊಂಡ ಮೇಲೆ ಊಟ ತಡವಾಗಿ ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲು ಇರಲಿ ಎಂದು ಒಂದು ಚೂರು ಯಾವಾಗಲೂ ಜೊತೆಗಿರುತ್ತದೆ. ಒರೆಸಿಕೊಳ್ಳುವ ಮೊದಲು ಸುಮ್ಮನೆ ಅಂಗೈ ಮೂಸಿದೆ. ಕರಗಿದ ಬೆಲ್ಲ, ಅದರ ಜೊತೆ ಬೆವರು... ಅಷ್ಟೇ. ಅಷ್ಟಕ್ಕೇ ಹಡಗಲಿಯ ಆ ಸಂಕ್ರಾಂತಿ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತುಬಿಟ್ಟಿತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಹಡಗಲಿಯ ಕಾಲೇಜಿಗೆ ಜೀವಶಾಸ್ತ್ರ ಹೇಳಲು ಹೋದ ಹೊಸತು. ಬಾಡಿಗೆಗೆ ಒಂದು ಕೋಣೆ ಹುಡುಕುತ್ತ ಅವ್ವಾರ ಮನೆ ಬಾಗಿಲಿಗೆ ಹೋಗಿ ನಿಂತಿದ್ದೆ. ಓಣಿಯವರೆಲ್ಲ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಗಂಡ ತೀರಿಕೊಂಡಿದ್ದರು. ಮಗ ಗೊಬ್ಬರದ ಅಂಗಡಿ ನಡೆಸುತ್ತಿದ್ದ. ಸೊಸೆ ನನ್ನದೇ ವಯಸ್ಸಿನವಳು. ಅವ್ವಾರು ಮಾತ್ರ ತುಂಬು ದೇಹದ, ಎತ್ತರದ ಹೆಂಗಸು. ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕು ಹೊರಗೆ ಬರುತ್ತಿರಲಿಲ್ಲ.

ನಾನು ಕೂಡ್ಲಿಗಿ ಸೀಮೆಯ ಕುರಿ ಸಾಕುವ ಮನೆಯವಳು. ನಮ್ಮಲ್ಲಿ ಹಬ್ಬ ಎಂದರೆ ಬಾಡು. ಅವರದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ನಾನು ಯಾವ ಊರು, ಯಾರ ಪೈಕಿ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಹೇಳಿದರು: "ನಮ್ಮ ಮನಿಯಾಗ ತತ್ತಿ, ಬಾಡು ನಡಿಯಂಗಿಲ್ರಿ ಟೀಚರಮ್ಮ. ಹೊರಗ ತಿಂದು ಬಂದ್ರ ನಾನೇನು ನಿಮ್ಮ ಬಾಯಿ ಮೂಸಿ ನೋಡಂಗಿಲ್ಲ."

ಆ ಮಾತಿಗೇ ನಾನು ಸಾಮಾನು ತಂದು ಇಳಿಸಿದೆ.

ಭಾನುವಾರ ಬೆಳಿಗ್ಗೆ ಕಾಲೇಜಿನ ನಾಲ್ಕಾರು ಹುಡುಗಿಯರು ಪಾಠ ಹೇಳಿಸಿಕೊಳ್ಳಲು ಅವರ ಪಡಸಾಲೆಗೆ ಬರುತ್ತಿದ್ದರು. ಅವ್ವಾರು ಅಲ್ಲೇ ಒಂದು ಮೂಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂರುತ್ತಿದ್ದರು. ದೇಹ ಅನ್ನದಿಂದ ಶಕ್ತಿ ಮಾಡಿಕೊಳ್ಳುವ ಪಾಠ ಹುಡುಗಿಯರ ತಲೆಗೆ ಹತ್ತುತ್ತಲೇ ಇರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಪುಸ್ತಕ ಮುಚ್ಚಿ ಬಚ್ಚಲ ಕಡೆ ಕೈ ತೋರಿಸಿದೆ. ಅಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಅವ್ವಾರು ಮೊದಲು ಹತ್ತಿಕಟ್ಟಿಗೆ ಒಟ್ಟಿ ಕಡ್ಡಿ ಗೀರಿದ್ದರು, ಅದು ಭಗ್ಗನೆ ಹತ್ತಿ ಬೇಗ ಮುಗಿಯುವಂಥದ್ದು. ಅದರ ಮೇಲೆ ಸಗಣಿಯ ಕುಳ್ಳು ಇಟ್ಟಿದ್ದರು, ಅದು ನಿಧಾನ, ಆದರೆ ಬಹಳ ಹೊತ್ತು ಉರಿಯುವಂಥದ್ದು.

"ನೋಡಿ," ಎಂದೆ. "ರೊಟ್ಟಿ, ಅನ್ನ, ಬೆಲ್ಲ ಎಲ್ಲ ಹತ್ತಿಕಟ್ಟಿಗೆ. ಹೊಟ್ಟೆಗೆ ಹೋದದ್ದೇ ಸಕ್ಕರೆಯಾಗಿ ರಕ್ತಕ್ಕೆ ಬಂದು ಉರಿಯುತ್ತದೆ. ಒಂದಿಷ್ಟನ್ನು ಯಕೃತ್ತು ಪಕ್ಕಕ್ಕೆ ಒಟ್ಟಿಕೊಂಡಿರುತ್ತದೆ, ಅದೂ ಒಂದು ದಿನಕ್ಕೆ ಸಾಲುವುದಿಲ್ಲ. ಎಣ್ಣೆ, ತುಪ್ಪ, ಮೈಯ ಕೊಬ್ಬು ಕುಳ್ಳಿದ್ದ ಹಾಗೆ. ಕಟ್ಟಿಗೆ ಮುಗಿದ ಮೇಲೆ ಕುಳ್ಳು ಒಟ್ಟಿಟ್ಟ ಕೋಣೆ ತೆಗೆಯಬೇಕು. ಅದೂ ಮುಗಿದರೆ?"

ಹುಡುಗಿಯರು ಒಲೆಯ ಕಡೆ ಕತ್ತು ತಿರುಗಿಸಿದರು.

"ಆಗ ಮನೆಯ ತೊಲೆ, ಕಂಬ ಕಿತ್ತು ಒಲೆಗೆ ಹಾಕಬೇಕು. ಅದು ಪ್ರೋಟೀನು. ಬೇಳೆ, ಕಾಳು, ಹಾಲಿನಿಂದ ಬಂದು ಮೈ ಕಟ್ಟುವಂಥದ್ದು. ಅದನ್ನು ಉರಿಸುವುದು ಎಂದರೆ ಮೈಯನ್ನೇ ಉರಿಸುವುದು."

ಮೂಲೆಯಲ್ಲಿ ಮೊರ ನಿಂತಿತು. "ತೊಲಿನೂ ಮುಗುದ್ರ, ಟೀಚರಮ್ಮ?" ಎಂದು ಅವ್ವಾರು ಕೇಳಿದರು.

"ಮನಿ ಬೀಳ್ತೈತ್ರಿ."

ಅವರು ಹೂಂ ಎಂದು ಮತ್ತೆ ಜೋಳ ಕೇರತೊಡಗಿದರು. ಅಂದಿನಿಂದ ನಾನು ಊರಿಗೆ ಹೊರಟಾಗಲೆಲ್ಲ ನಮ್ಮ ಮನೆಯ ಬಾಡೂಟ ನೆನೆದು ಅವರದೊಂದೇ ಚೇಷ್ಟೆ: "ಹೋಗಿ ಬರ್ರಿ, ಒಂದೆರಡು ತೊಲಿ ಗಟ್ಟಿ ಮಾಡಿಕೊಂಡು ಬರ್ರಿ."

ಅವ್ವಾರಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು. ಗುಳಿಗೆಗೆ ಬಗ್ಗದೆ ಸೂಜಿಗೆ ಬಂದಿತ್ತು. ಅವರ ಬೆಳಗು ಒಂದು ಕ್ರಮದಲ್ಲಿ ನಡೆಯುತ್ತಿತ್ತು. ಮೊದಲು ಸೂಜಿ, ಆಮೇಲೆ ಜಳಕ, ಆಮೇಲೆ ಪೂಜೆ, ಕೊನೆಗೆ ರೊಟ್ಟಿ. ಕೊರಳಲ್ಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕುತ್ತಿರಲಿಲ್ಲ. ಸೂಜಿ ಆದ ಮೇಲೆ ಊಟ ತಡವಾದರೆ ಗತಿಯೇನು ಎಂದು ನನಗೆ ದಿಗಿಲು. ಪೂಜೆ ಮುಗಿಸಿ, ತಾಟು ಮುಂದಿಟ್ಟುಕೊಂಡು ಸೂಜಿ ಮಾಡಿಕೊಳ್ಳಿ ಎಂದು ಎಷ್ಟೋ ಸಲ ಹೇಳಿದ್ದೆ.

"ಸೂಜಿ ಆದ ಮ್ಯಾಲ ಅರ್ಧ ತಾಸು ಬಿಟ್ಟು ಉಣ್ರಿ ಅಂದಾರ ಡಾಕ್ಟ್ರು. ಆ ಅರ್ಧ ತಾಸಿನಾಗ ಶಿವನ ಕೆಲಸ ಮುಗಸ್ತೀನಿ. ಸುಮ್ನ ಕುಂತು ಹೊತ್ತು ಯಾಕ ಹಾಳು ಮಾಡ್ಲಿ?" ಎನ್ನುತ್ತಿದ್ದರು. ಪೂಜೆಗೆ ಮೊದಲು ಮೈಯೊಳಗೆ ಔಷಧ ಹೋದರೆ ನಡೆಯುತ್ತದೆಯೇ ಎಂದು ಕೆಣಕಿದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಸೂಜಿ ಏನು ಬಾಯಿಗೆ ಹೋಗ್ತೈತೇನ್ರಿ? ಬಾಯಿಗೆ ಹೋಗಲಾರದ್ದು ತಿಂದಂಗಲ್ಲ."

ಅವರ ಜೊತೆ ವಾದಕ್ಕಿಳಿದು ಗೆದ್ದವರನ್ನು ನಾನು ಕಾಣೆ.

ಆ ವರ್ಷದ ಸಂಕ್ರಾಂತಿಗೆ ಹೊಳೆ ಜಳಕಕ್ಕೆಂದು ಮಾಗಳಕ್ಕೆ ಹೊರಟೆವು. ಟ್ರ್ಯಾಕ್ಟರಿನ ಹಿಂದೆ ಟ್ರೇಲರ್, ಅದರೊಳಗೆ ಜಮಖಾನೆ, ಜಮಖಾನೆಯ ಮೇಲೆ ಬುತ್ತಿಯ ಬುಟ್ಟಿಗಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬೆಲ್ಲ ಹಾಕಿದ ಮಾದಲಿ. ಓಣಿಯ ಒಂದೆರಡು ಮನೆಯವರೂ ಜೊತೆಗಿದ್ದರು. ಅವ್ವಾರ ಸೂಜಿ, ಔಷಧ ಥರ್ಮಾಸಿನೊಳಗೆ ಅವರ ಮಡಿಲಲ್ಲೇ ಕೂತು ಬಂದವು. ಹೊಳೆ ದಂಡೆಯಲ್ಲಿ ಇಳಿದವರೇ ಮರೆಗೆ ಹೋಗಿ ಸೂಜಿ ಮುಗಿಸಿದರು. ಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿ, ಶಿವದಾರದಲ್ಲಿ ಕೊರಳಿಗೆ ಕಟ್ಟಿಕೊಂಡು ನೀರಿಗಿಳಿದರು. ಪ್ರತಿ ವರ್ಷವೂ ಹಾಗೇ ಇಳಿಯುತ್ತಿದ್ದರಂತೆ.

ನಾನು ಮೊಣಕಾಲು ನೀರಿನಲ್ಲಿ ನಿಂತು ಸೊಸೆಯ ಜೊತೆ ಏನೋ ನಗುತ್ತಿದ್ದೆ. ಅವ್ವಾರು ಮುಳುಗು ಹಾಕಿ ಎದ್ದರು. ಮುಖದ ನೀರು ಒರೆಸಿಕೊಳ್ಳಲು ಹೋದ ಕೈ ಹಾಗೇ ಎದೆಯ ಮೇಲೆ ಇಳಿಯಿತು. ಅಲ್ಲೇ ನಿಂತಿತು.

ಅವರು ಕೂಗಲಿಲ್ಲ. ಎದೆ ತಡವಿಕೊಂಡರು, ಸೆರಗಿನ ಮಡಿಕೆ ನೋಡಿಕೊಂಡರು, ಸುತ್ತಲಿನ ನೀರನ್ನು ಒಂದು ಸುತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ, "ಲಿಂಗ ಹೋತಪ್ಪಾ" ಎಂದರು.

ಹಳೆಯ ದಾರ, ಒದ್ದೆಯಾಗಿ ಗಂಟು ಜಾರಿತ್ತು. ಮಗ, ಓಣಿಯ ಗಂಡಸರು ಎಲ್ಲರೂ ಮುಳುಗಿ ಮುಳುಗಿ ಹುಡುಕಿದರು. ಕೈಗೆ ಸಿಕ್ಕಿದ್ದು ಮರಳು, ಕಪ್ಪೆಚಿಪ್ಪು, ಯಾರದೋ ಹಳೆಯ ಬಳೆ ಚೂರು. ಎಷ್ಟು ಜನ ಇಳಿದರೋ ನೀರು ಅಷ್ಟೇ ಕದಡಿತು. ದಂಡೆಯ ಮೇಲೆ ಬಿಚ್ಚಿಟ್ಟ ಬುತ್ತಿಯ ಸುತ್ತ ಹೆಂಗಸರು ಕೈ ಕಟ್ಟಿ ನಿಂತರು. ಅವ್ವಾರು ಒದ್ದೆ ಸೀರೆ ಬದಲಿಸಿ ಬಂದು ಮರಳ ಮೇಲೆ ಕೂತು, "ನೀವ್ಯಾಕ ಉಪಾಸ? ಉಣ್ರಿ" ಎಂದರು. ಯಾರೂ ಕೈ ಹಾಕಲಿಲ್ಲ.

ಲಿಂಗ ಹೋದರೆ ಗುರುಗಳು ಬಂದು ಇನ್ನೊಂದು ಕಟ್ಟಬೇಕು. ಅಲ್ಲಿಯ ತನಕ ಅನ್ನವಿಲ್ಲ, ನೀರಿಲ್ಲ. ಅವರ ಮನೆತನದ ಗುರುಗಳು, ಅವರು ಅಯ್ಯನೋರು ಎನ್ನುತ್ತಿದ್ದವರು, ಆವತ್ತೇ ಹರಪನಹಳ್ಳಿ ಕಡೆಯ ಹಲವಾಗಲಿಗೆ ಹೋಗಿದ್ದರು. ಮೊಬೈಲು ಬಂದಿದ್ದ ಕಾಲವೇ, ಆದರೆ ಹೊಳೆ ದಂಡೆಯಲ್ಲಿ ಅದರ ಜೀವ ಹೋಗಿತ್ತು. ಮಗ ಯಾರದೋ ಮೋಟಾರ್‌ಸೈಕಲ್ ಇಸಿದುಕೊಂಡು ಹೊರಟ. ಹೊರಡುವಾಗ ಹೆಂಡತಿಯನ್ನೂ ನನ್ನನ್ನೂ ಪಕ್ಕಕ್ಕೆ ಕರೆದು ಹೇಳಿದ: "ನಾ ಬರೋತನಕ ಅವ್ವನ ಬಾಯಿಗೆ ಏನೂ ಹಾಕಬ್ಯಾಡ್ರಿ. ಹಾಕಿದ್ರ ಆಕಿ ಬದುಕಿದ್ದೂ ಸತ್ತಂಗ ಆಕ್ಕಾಳ."

ಅವನು ದಿಬ್ಬ ಏರಿ ಮರೆಯಾದ ಮೇಲೆ ನನಗೆ ಥರ್ಮಾಸು ಕಣ್ಣಿಗೆ ಬಿತ್ತು.

ಸೂಜಿ ಆಗಲೇ ಒಳಗೆ ಹೋಗಿತ್ತು.

ಅವ್ವಾರ ಪಕ್ಕದಲ್ಲಿ ಹೋಗಿ ಕೂತೆ. ಒಂದು ತುತ್ತು ಮಾದಲಿ ಬಾಯಿಗೆ ಹಾಕಿಕೊಳ್ಳಿ ಎಂದು ಮೆತ್ತಗೆ ಹೇಳಿ ನೋಡಿದೆ. ಅವರು ನಕ್ಕರು. "ಉಪಾಸ ನನಗೇನು ಹೊಸದೇನ್ರಿ? ಶಿವರಾತ್ರಿಗೆ ಹನಿ ನೀರು ಕುಡಿಲಾರದ ಇದ್ದಾಕಿ ನಾನು. ನೀವ ಹೇಳ್ತೀರಲ್ಲ, ಒಳಗ ಕುಳ್ಳಿನ ಕ್ವಾಣಿ ಐತಿ ಅಂತ. ನನ್ನ ಮೈ ನೋಡ್ರಿ, ವರ್ಷಕ್ಕಾಗೋ ಅಷ್ಟು ಒಟ್ಟೀನಿ."

"ಐತ್ರಿ ಅವ್ವಾರ. ಆದ್ರ ಬೆಳಿಗ್ಗೆ ಮಾಡ್ಕೊಂಡ ಸೂಜಿ ಆ ಕ್ವಾಣಿಗೆ ಬೀಗ ಹಾಕೈತಿ."

ಅದೇ ಸತ್ಯ. ಸೂಜಿ ಇಲ್ಲದ ಮನುಷ್ಯ ಉಪವಾಸ ಕೂತರೆ ಯಕೃತ್ತು ತಾನು ಒಟ್ಟಿಟ್ಟ ಸಕ್ಕರೆಯನ್ನು ಬಿಡುತ್ತದೆ. ಅದು ತೀರುತ್ತ ಬಂದ ಹಾಗೆ ಕೊಬ್ಬು ಕರಗಿ ಬರುತ್ತದೆ, ದಿನ ಕಳೆದಂತೆ ಮೆದುಳು ಕೂಡ ಆ ಕೊಬ್ಬಿನಿಂದ ಹುಟ್ಟಿದ್ದನ್ನು ತಿಂದು ಬದುಕುವುದನ್ನು ಕಲಿಯುತ್ತದೆ. ಆದರೆ ಇನ್ಸುಲಿನ್ ಮೈಯೊಳಗೆ ಇರುವ ತನಕ ಮಾತೇ ಬೇರೆ. ಊಟ ಬರುತ್ತಿದೆ ಎಂದು ಅದು ನಂಬಿರುತ್ತದೆ. ರಕ್ತದಲ್ಲಿರುವ ಸಕ್ಕರೆಯನ್ನೆಲ್ಲ ಸ್ನಾಯುಗಳೊಳಗೆ ದಬ್ಬುತ್ತದೆ, ಯಕೃತ್ತಿಗೆ ನಿನ್ನದು ಕೊಡಬೇಡ ಎನ್ನುತ್ತದೆ, ಕೊಬ್ಬಿನ ಬಾಗಿಲು ಮುಚ್ಚುತ್ತದೆ. ಒಲೆ ಉರಿಯುತ್ತಲೇ ಇರುತ್ತದೆ, ಕಟ್ಟಿಗೆ ಮುಗಿದಿರುತ್ತದೆ, ತುಂಬಿದ ಕೋಣೆಗೆ ಬೀಗ. ಮೆದುಳು ಸಕ್ಕರೆ ಸಕ್ಕರೆ ಎಂದು ಬಡಿದುಕೊಳ್ಳುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಎಷ್ಟು ಸಲ ಬರೆದಿದ್ದೆನೋ... ಆವತ್ತು ಅದು ನನ್ನ ಕಣ್ಣ ಮುಂದೆ, ಮರಳ ಮೇಲೆ, ಒಂದು ಜೀವದ ಒಳಗೆ ನಡೆಯುತ್ತಿತ್ತು. ಹಲವಾಗಲಿಗೆ ಹೋಗಿ, ಗುರುಗಳನ್ನು ಹುಡುಕಿ, ಕೂರಿಸಿಕೊಂಡು ಬರುವಷ್ಟು ಹೊತ್ತು ಅವರ ಬಳಿ ಇರಲಿಲ್ಲ.

ಗಾಳಿ ತಣ್ಣಗಿತ್ತು. ಆದರೂ ಅವರ ಮೇಲ್ದುಟಿಯಲ್ಲಿ ಬೆವರಿನ ಮಣಿ ಮೂಡಿತು. ಆಕಳಿಸಿದರು. ಮತ್ತೆ ಆಕಳಿಸಿದರು. ಮಡಿಲಲ್ಲಿಟ್ಟುಕೊಂಡಿದ್ದ ಬೆರಳುಗಳು ಕೇರುವ ಮೊರದಂತೆ ಅಲುಗಲು ಶುರುವಾದವು. ಸೊಸೆ ಅವರ ಮುಂದೆ ಮೊಣಕಾಲೂರಿ, "ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಂಚೂರು ಬೆಲ್ಲ ತಗೋರಿ" ಎಂದು ಅಳತೊಡಗಿದಳು. ಅವ್ವಾರು ಅವಳ ಕೈ ಒದರಿ ತಳ್ಳಿದರು. ಬೆಲ್ಲದ ಅಚ್ಚು ಮರಳಿಗೆ ಬಿತ್ತು. ಯಾರಿಗೂ ಏಕವಚನದಲ್ಲಿ ಮಾತಾಡದ ಹೆಂಗಸು ನನ್ನ ಕಡೆ ತಿರುಗಿ, "ಲೇ, ಇಕಿನ್ನ ಎಬಿಸ್ಕೊಂಡು ಹೋಗಲೇ ಇಲ್ಲಿಂದ" ಎಂದರು. ನನಗೆ ನೋವಾಗಲಿಲ್ಲ, ಭಯವಾಯಿತು. ಅದು ಅವರ ಸಿಟ್ಟಲ್ಲ, ಹಸಿದ ಮೆದುಳಿನ ಸಿಟ್ಟು ಎಂದು ಗೊತ್ತಿತ್ತು.

ಇನ್ನು ಸ್ವಲ್ಪ ಹೊತ್ತಿಗೆ ಅವರು ಅವರಾಗಿ ಉಳಿಯುವುದಿಲ್ಲ. ಹೂಂ ಎನ್ನಲೂ ಉಹೂಂ ಎನ್ನಲೂ ಅಲ್ಲಿ ಯಾರೂ ಇರುವುದಿಲ್ಲ. ಕೇಳುವುದಿದ್ದರೆ ಈಗಲೇ ಕೇಳಬೇಕಿತ್ತು. ಏನು ಕೇಳಬೇಕು ಎಂದು ಮಾತ್ರ ಹೊಳೆಯುತ್ತಿರಲಿಲ್ಲ. ನನ್ನ ಓದಿಗೆ ಬೆಂಕಿ ಬಿತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆಗ ಮತ್ತೆ ಆ ಥರ್ಮಾಸು ಕಣ್ಣಿಗೆ ಬಿತ್ತು... ಅವರದೇ ಮಾತು ನೆನಪಾಯಿತು.

ಅವರ ಎರಡೂ ಭುಜ ಹಿಡಿದೆ. "ಅವ್ವಾರ, ಇಲ್ಲಿ ನೋಡ್ರಿ. ಬೆಳಿಗ್ಗೆ ಪೂಜಿಗೆ ಮೊದಲ ಸೂಜಿ ತಗೊಂಡ್ರಿ. ಅದು ತಿಂದಂಗ ಆತೇನು?"

ಕಣ್ಣು ನನ್ನ ಮೇಲೆ ನಿಲ್ಲಲು ಹೆಣಗಿದವು. "ಸೂಜಿ... ಬ್ಯಾರೆ."

"ಹಂಗಾದ್ರ ದವಾಖಾನಿಗೆ ಹೋಗಿ ಇನ್ನೊಂದು ಸೂಜಿ ಹಾಕ್ಸೋಣು. ಸಕ್ಕರಿ ನೀರು, ನರದಾಗ. ಬಾಯಿಗೆ ಬರಂಗಿಲ್ಲ. ಹೂಂ ಅನ್ರಿ ಅವ್ವಾರ. ಹೂಂ ಅನ್ರಿ."

ಕೊನೆಗೆ ತುಟಿ ಅಲುಗಿತು. "ಬಾಯಿ ಮುಟ್ಟಬ್ಯಾಡ್ರಿ."

ಅಷ್ಟು ಸಾಕಿತ್ತು. ಓಣಿಯವನೊಬ್ಬ ಟ್ರ್ಯಾಕ್ಟರ್ ಹತ್ತಿದ. ಅವರನ್ನು ನಾಲ್ವರು ಎತ್ತಿ ಜಮಖಾನೆಯ ಮೇಲೆ ಮಲಗಿಸಿದೆವು. ತಲೆ ಸೊಸೆಯ ತೊಡೆಯ ಮೇಲೆ. ಬುತ್ತಿ, ಬುಟ್ಟಿ, ರೊಟ್ಟಿ ಎಲ್ಲ ದಂಡೆಯ ಮೇಲೇ ಉಳಿಯಿತು. ನಾನು ಹತ್ತುವಾಗ ಮರಳಲ್ಲಿ ಬಿದ್ದಿದ್ದ ಆ ಬೆಲ್ಲ ಯಾಕೆ ಎತ್ತಿಕೊಂಡೆನೋ, ಒಂದು ಮಗ್ಗುಲ ಮರಳನ್ನು ಉಗುರಿನಿಂದ ಕೆರೆದು ಮುಷ್ಟಿಯಲ್ಲಿಟ್ಟುಕೊಂಡೆ.

ಮಾಗಳ ದಾಟುವಷ್ಟರಲ್ಲಿ ಅವರು ಏನೇನೋ ಬಡಬಡಿಸಿದರು. ಹಂಡೆಗೆ ನೀರು ತುಂಬಿಸಿರಿ ಎಂದರು, ತೀರಿಹೋದ ಗಂಡನನ್ನು ಊಟಕ್ಕೆ ಕರೆದರು. ಆಮೇಲೆ ಮಾತು ನಿಂತಿತು. ಹೆಸರು ಹಿಡಿದು ಕೂಗಿದರೂ ಓ ಎನ್ನಲಿಲ್ಲ. ಮೈ ಬೆವರಿನಲ್ಲಿ ತೊಯ್ದು ತಣ್ಣಗಾಗಿತ್ತು. ಉಸಿರು ಮಾತ್ರ ಇತ್ತು. ಅಷ್ಟರಲ್ಲಿ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಮುಂದೆ ಹಳ್ಳದ ಸೇತುವೆಯ ಬಾಯಲ್ಲಿ ಕಬ್ಬಿನ ಟ್ರೇಲರೊಂದು ಗಾಲಿ ಕುಸಿದು ಓರೆಯಾಗಿ ನಿಂತಿತ್ತು. ದಾರಿ ತುಂಬ ಕಬ್ಬಿನ ಗಳ. ದಾಟಲು ಜಾಗವಿಲ್ಲ.

ನೋಡಿದ ಕಡೆಯೆಲ್ಲ ಸಿಹಿ. ನಡುವೆ ಸಕ್ಕರೆ ಇಲ್ಲದೆ ಒಂದು ಜೀವ ಹೋಗುತ್ತಿತ್ತು.

ನಮ್ಮ ಡ್ರೈವರು, ದಾರಿಯವರು ಸೇರಿ ಗಳ ಎತ್ತಿ ಎತ್ತಿ ಬದಿಗೆ ಎಸೆಯತೊಡಗಿದರು. ಸೊಸೆ ನನ್ನ ಮುಷ್ಟಿಗೆ ಕೈ ಹಾಕಿದಳು. "ಕೊಡ್ರಿ ಇಲ್ಲಿ. ಆಕಿ ಬೈದ್ರ ಬೈಸ್ಕೊಂತೀನಿ. ಸತ್ರ ಯಾರು ಬೈಯಾಕ?" ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಎಚ್ಚರ ತಪ್ಪಿದವರ ಬಾಯಿಗೆ ತುಣುಕು ಹಾಕಿದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ ಎಂದು ಹೇಳಿದೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ತೋರುಬೆರಳಿಗೆ ಒಂಚೂರು ಹಚ್ಚಿಕೊಂಡು ಒಳಗೆನ್ನೆಗೆ, ವಸಡಿಗೆ ತೀಡಬಹುದು ಎಂದೂ ನನಗೆ ಗೊತ್ತಿತ್ತು. ಅವಳಿಗೆ ಅದನ್ನು ಹೇಳಲಿಲ್ಲ. ಬಾಯಿ ಮುಟ್ಟಬ್ಯಾಡ್ರಿ ಎಂದಿದ್ದರಲ್ಲ... ಆ ಮಾತನ್ನು ಅವರು ತಮ್ಮ ಎಚ್ಚರದ ಕೊನೆಯ ತುದಿಯಲ್ಲಿ ನಿಂತು ನನ್ನನ್ನು ನಂಬಿ ಹೇಳಿದ್ದರು.

ಆದರೂ ಒಳಗೊಳಗೇ ಒಂದು ಗಡಿ ಹಾಕಿಕೊಂಡಿದ್ದೆ. ಉಸಿರು ಇನ್ನೊಂದು ಎಳೆ ಸಣ್ಣದಾದರೆ, ಅಥವಾ ದಾರಿಗೆ ಅಡ್ಡ ಬಿದ್ದಿದ್ದ ಕಬ್ಬಿನ ಆ ದೊಡ್ಡ ಕಟ್ಟು ಸರಿಯದಿದ್ದರೆ, ತೀಡಿಬಿಡುವುದೇ ಸೈ. ಆಮೇಲೆ ಅವರು ನನ್ನ ಮುಖ ನೋಡದಿದ್ದರೆ ಬೇಡ, ಮನೆ ಬಿಡಿಸಿದರೆ ಬಿಡಿಸಲಿ. ಬೆರಳಿಗೆ ಬೆಲ್ಲ ಆಗಲೇ ಅಂಟಿತ್ತು. ಬೆವರಿಗೆ ಕರಗಿ ಅಂಗೈ ರೇಖೆಗಳಲ್ಲಿ ಇಳಿಯುತ್ತಿತ್ತು. ಅವರ ಗಲ್ಲವನ್ನು ಎಡಗೈಯಲ್ಲಿ ಹಿಡಿದೂ ಆಗಿತ್ತು.

"ಹೋಗ್ಲಿ, ಹೋಗ್ಲಿ!" ಎಂದು ಮುಂದೆ ಯಾರೋ ಕೂಗಿದರು. ಕಟ್ಟು ಸರಿದಿತ್ತು. ಟ್ರ್ಯಾಕ್ಟರ್ ಕಬ್ಬಿನ ಮೇಲೇ ಹತ್ತಿ ಇಳಿದು ಸೇತುವೆ ದಾಟಿತು.

ಹಡಗಲಿಯ ದವಾಖಾನೆಯಲ್ಲಿ ಬೆರಳು ಚುಚ್ಚಿ ನೋಡಿದ ನರ್ಸಮ್ಮ ಏನೂ ಮಾತಾಡದೆ ಓಡಿದಳು. ದಪ್ಪ ಸಿರಿಂಜಿನಲ್ಲಿ ಗ್ಲುಕೋಸು ನರದೊಳಗೆ ಹೋಯಿತು. ನಾನು ಮಂಚದ ಕಂಬಿಗೆ ಒರಗಿ ನಿಂತಿದ್ದೆ. ಪಾಠದಲ್ಲಿ ಓದಿದ್ದೆ, ಕಂಡಿರಲಿಲ್ಲ. ಔಷಧ ಪೂರ್ತಿ ಹೋಗುವಷ್ಟರಲ್ಲೇ ರೆಪ್ಪೆ ಅಲುಗಿದವು. ಆರಿದ ಒಲೆಯನ್ನು ಊದಿದ ಹಾಗೆ ಮುಖಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟರು. ಸೊಸೆ ಹೋ ಎಂದು ಅತ್ತಳು.

ಅವರು ಯಾರನ್ನೂ ನೋಡಲಿಲ್ಲ. ಮೊದಲು ಬಾಯಿಯೊಳಗೆ ನಾಲಗೆಯನ್ನು ಆಡಿಸಿದರು. ಈ ಕೆನ್ನೆ, ಆ ಕೆನ್ನೆ, ಮೇಲಿನ ವಸಡು, ಕೆಳಗಿನ ವಸಡು. ಮೆಲ್ಲಗೆ, ಒಂದು ಮೂಲೆಯನ್ನೂ ಬಿಡದೆ.

"ಸಪ್ಪಗೈತಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

ನನ್ನ ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಅದನ್ನೂ ನೋಡಿದರು. ಏನೂ ಕೇಳಲಿಲ್ಲ.

ಹೊತ್ತು ಮುಳುಗುವ ಮೊದಲು ಮಗ ಗುರುಗಳನ್ನು ಕರೆದುಕೊಂಡು, ದಂಡೆಯಲ್ಲಿ ಉಳಿದವರಿಂದ ಸುದ್ದಿ ತಿಳಿದು, ದವಾಖಾನೆಗೇ ಬಂದ. ಮಂಚದ ಸುತ್ತ ಸೀರೆ ಮರೆ ಕಟ್ಟಿದರು. ಹೊಸ ಲಿಂಗ ಅಂಗೈಗೆ ಬಂತು, ಪೂಜೆ ಆಯಿತು, ಆಮೇಲೆ ಅವ್ವಾರು ಅವನು ದಂಡೆಯಿಂದ ತಂದ ತಣ್ಣಗಿನ ಸಜ್ಜೆ ರೊಟ್ಟಿಯನ್ನು ಹಾಲಿನಲ್ಲಿ ಮುರಿದುಕೊಂಡು ಉಂಡರು. ಗುರುಗಳಿಗೂ ಸಿಟ್ಟು ಬಂದಿತ್ತು. "ಶಿವ ಏನು ಓಡಿ ಹೋಗ್ತಿದ್ದನೇನವ್ವ? ಒಂದು ತುತ್ತು ತಿಂದಿದ್ರ ನಾನು ಬ್ಯಾಡ ಅಂತಿದ್ನ?" ಎಂದು ಗದರಿದರು. ಅವ್ವಾರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೇಳಿಸಿಕೊಂಡರು ಅಷ್ಟೇ, ಒಪ್ಪಿಕೊಂಡ ಹಾಗೆ ನನಗೆ ಕಾಣಲಿಲ್ಲ. ಮಾರನೆಯ ದಿನದಿಂದ ಕ್ರಮ ಮಾತ್ರ ಬದಲಾಯಿತು. ಮೊದಲು ಪೂಜೆ, ಆಮೇಲೆ ತಾಟು ಎದುರಿಗೆ ಬರಬೇಕು, ತಾಟು ಕಂಡ ಮೇಲೆ ಸೂಜಿ. "ಬೀಗ ಹಾಕಾಕ ಮೊದಲ ಕಟ್ಟಿಗಿ ಎದುರಿಗಿರಬೇಕು ನೋಡ್ರಿ" ಎಂದು ಓಣಿಯ ಸಕ್ಕರೆ ಕಾಯಿಲೆಯವರಿಗೆಲ್ಲ ಅವರೇ ಪಾಠ ಹೇಳತೊಡಗಿದರು. ನನ್ನ ಕೆಲಸ ಹಗುರಾಯಿತು.

ಆಮೇಲೆ ನನಗೆ ಕೂಡ್ಲಿಗಿಗೆ ವರ್ಗವಾಯಿತು. ಹಬ್ಬಕ್ಕೆ, ಹುಣ್ಣಿಮೆಗೆ ಹೋಗಿ ಬರುವುದು ನಡೆದೇ ಇತ್ತು. ಮೂರು ವರ್ಷದ ಹಿಂದೆ ಸೊಸೆ ಫೋನ್ ಮಾಡಿ, ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಏನೂ ಇಳಿಯುತ್ತಿಲ್ಲ ಎಂದಳು. ಹೋದೆ. ಮಂಚದ ಮೇಲೆ ಮಲಗಿದ್ದವರನ್ನು ಕಂಡು ಒಂದು ಗಳಿಗೆ ಬಾಗಿಲಲ್ಲೇ ನಿಂತೆ. ಬಾಗಿಲು ತುಂಬುತ್ತಿದ್ದ ಹೆಂಗಸು ದುಪ್ಪಡಿಯ ಒಳಗೆ ಇದ್ದಾರೋ ಇಲ್ಲವೋ ಎನ್ನುವ ಹಾಗಿದ್ದರು. ತೋಳಿನ ಮಾಂಸ ಕರಗಿ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಕೈ ಹಿಡಿದುಕೊಂಡು ಕೂತೆ. ಧೈರ್ಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

"ತೊಲಿಗೆ ಬಂತು ನೋಡ್ರಿ, ಟೀಚರಮ್ಮ."

ನಾನು ಅತ್ತುಬಿಟ್ಟೆ. ಆ ಪಾಠವನ್ನು ಯಾಕಾದರೂ ಹಾಗೆ ಹೇಳಿದೆನೋ ಎನಿಸಿತು. ಅವರು ನನ್ನ ಕೈ ಅದುಮಿ, ಉಸಿರು ಕೂಡಿಸಿಕೊಂಡು ಕೇಳಿದರು: "ಅವತ್ತು ಕಬ್ಬು ಸರಿಲಾರದ ಹೋಗಿದ್ರ, ನನ್ನ ಬಾಯಿಗೆ ಹಾಕ್ತಿದ್ರಿ ಅಲ್ಲ?"

ಅಷ್ಟು ವರ್ಷ ಇಬ್ಬರೂ ಆಡದ ಮಾತು. ಸುಳ್ಳು ಹೇಳಲು ಬರಲಿಲ್ಲ. "ಹೂಂ ರಿ ಅವ್ವಾರ. ಹಾಕ್ತಿದ್ದೆ."

"ಗೊತ್ತಿತ್ತು," ಎಂದರು. "ಪೂಜಿ ಆಗೈತಿ ಈಗ. ಆ ಬೆಲ್ಲ ಕೊಡ್ರಿ."

ಸೊಸೆ ಓಡಿಹೋಗಿ ತಂದಳು. ನನ್ನ ತೋರುಬೆರಳಿಗೆ ಒಂಚೂರು ಹಚ್ಚಿಕೊಂಡು ಅವರ ಒಳಗೆನ್ನೆಗೆ ತೀಡಿದೆ. ಅವರು ಕಣ್ಣು ಮುಚ್ಚಿ ನಾಲಗೆ ಆಡಿಸಿದರು. ಈ ಕೆನ್ನೆ, ಆ ಕೆನ್ನೆ... ದವಾಖಾನೆಯಲ್ಲಿ ಆಡಿಸಿದ ಹಾಗೇ.

ಅದೇ ವಾರ ಹೋದರು.

ಮೊನ್ನೆ ಮತ್ತೆ ಸಂಕ್ರಾಂತಿ ಹತ್ತಿರ. ಸೊಸೆ ಕರೆದಿದ್ದಳು, ಹೊಳೆಗೆ ಹೋಗೋಣ ಬರ್ರಿ ಎಂದು. ಅವ್ವಾರು ಹೋದ ಮೇಲೆ ಆ ಮನೆಗೆ ಇದೇ ಮೊದಲ ಸಲ ಹೊರಟಿದ್ದೆ. ಹೊರಡುವ ಅವಸರದಲ್ಲಿ ಸೂಜಿ ಮಾಡಿಕೊಂಡು, ಬಸ್ಸು ತಪ್ಪೀತು ಎಂದು ರೊಟ್ಟಿಯನ್ನು ಡಬ್ಬಿಗೆ ಹಾಕಿಕೊಂಡು ಬಂದಿದ್ದೆ, ಬಸ್ಸಿನಲ್ಲಿ ಕೂತು ತಿಂದರಾಯಿತು ಎಂದು. ಹಗರಿಬೊಮ್ಮನಹಳ್ಳಿ ಮೇಲೆ ಹೋಗುವ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಕನ್ನಡಕ ಹುಡುಕುವ ಕೈ ಸಣ್ಣಗೆ ನಡುಗುತ್ತಿರುವುದು ಬೆಲ್ಲ ಅಂಟಿದ ಮೇಲೇ ನನಗೆ ಕಂಡದ್ದು.

ಕಾಗದ ಬಿಡಿಸಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಡಬ್ಬಿ ತೆಗೆದು ಅಲ್ಲೇ ಬೆಂಚಿನ ಮೇಲೆ ರೊಟ್ಟಿ ಮುರಿದೆ. ತಾಟಿಗೆ ಮೊದಲು ಸೂಜಿ ಮಾಡಿಕೊಂಡಿದ್ದಕ್ಕೆ ಬೈಸಿಕೊಳ್ಳಬೇಕು ಎಂದು ಬಹಳ ಅನಿಸಿತು. ಬಾಯಿ ಸಿಹಿಯಾಗಿತ್ತು. ಬೈಯುವವರು ಇರಲಿಲ್ಲ.